ಸಂಕ್ರಾಂತಿಗೆ ಅಮರಿಲ್ಲಿಸ್ ಅರಳಿಸುವುದು: ಮಲೆನಾಡಿನ ಮನೆಗಳಿಗೆ ಟಿಪ್ಪಣಿ

ಮೊದಲು ಹೆಸರಿನ ವಿಚಾರ. ಕುಂಡದಲ್ಲಿ ನಾವು ಬೆಳೆಸುವ ದೊಡ್ಡ ಹೂವಿನ ಗಿಡ ಸಸ್ಯಶಾಸ್ತ್ರದಲ್ಲಿ ಹಿಪ್ಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ್ದು. ಅಮರಿಲ್ಲಿಸ್ ಎಂಬ ಹೆಸರು ದಕ್ಷಿಣ ಆಫ್ರಿಕದ ಬೇರೊಂದು ಗೆಡ್ಡೆಗೆ ಸೇರಿದ್ದೆಂದು 1987ರಲ್ಲಿ ತೀರ್ಮಾನವಾಯಿತು. ಬಳಕೆಯ ಹೆಸರು ಮಾತ್ರ ಬದಲಾಗಿಲ್ಲ.

ಅದರ ಪಾಡಿಗೆ ಬಿಟ್ಟರೆ ನಮ್ಮಲ್ಲಿ ಇದು ಬೇಸಿಗೆಯಲ್ಲಿ, ಮುಂಗಾರಿನ ಮೊದಲ ಹನಿಗಳ ಹೊತ್ತಿಗೆ ಹೂ ಬಿಡುತ್ತದೆ. ಚಳಿಗಾಲದಲ್ಲಿ ಬೇಕೆಂದರೆ ಗೆಡ್ಡೆಗೆ ಮುಂಚೆಯೇ ವಿಶ್ರಾಂತಿ ಕೊಡಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಕೊರೆಯುವ ಚಳಿ ಇಲ್ಲ. ಇಲ್ಲಿ ಗಿಡವನ್ನು ಮಲಗಿಸುವುದು ನೀರಿಲ್ಲದ ಒಣ ಮಣ್ಣು.

ಲೆಕ್ಕವನ್ನು ಹಿಂದಿನಿಂದ ಹಾಕಿ. ಎಚ್ಚರಿಸಿದ ಮೇಲೆ ಹೂವಿಗೆ 6ರಿಂದ 8 ವಾರ ಬೇಕು. ಸಂಕ್ರಾಂತಿಗೆ ಅರಳಬೇಕಾದರೆ ನವೆಂಬರ್ ಕೊನೆಯ ವಾರ ಮೊದಲ ನೀರು. ಅದಕ್ಕೂ ಹಿಂದೆ 8ರಿಂದ 10 ವಾರ ವಿಶ್ರಾಂತಿ, ಅಂದರೆ ಸೆಪ್ಟೆಂಬರ್ ಮಧ್ಯಕ್ಕೇ ನೀರು ನಿಲ್ಲಬೇಕು. ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ಜಗಲಿಯ ಅಂಚಿನಲ್ಲಿಟ್ಟರೆ ಇರಚಲು ಹೊಡೆದು ಮಣ್ಣು ತೇವವಾಗುತ್ತದೆ, ಗೆಡ್ಡೆ ಮಲಗುವುದೇ ಇಲ್ಲ. ಕುಂಡವನ್ನು ಗಾಳಿಯಾಡುವ ಒಳಕೋಣೆಗೆ ಸೇರಿಸಿ. ಕತ್ತಲೆ ಕಡ್ಡಾಯವಲ್ಲ. ಒಲೆಯ ಮೇಲಿನ ಅಟ್ಟ ಬೇಡ, ಅಲ್ಲಿನ ಬಿಸಿಗೆ ಬೇಗ ಮೊಳೆಯುತ್ತದೆ. ಬಾಳೆಗೊನೆ ಹಣ್ಣಿಗಿಟ್ಟ ಕೋಣೆಯೂ ಬೇಡ: ಮಾಗುವ ಹಣ್ಣು ಬಿಡುವ ಎಥಿಲೀನ್ ಎಂಬ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೆಡಿಸಬಹುದು. ಎಲೆ ತಾನಾಗಿ ಹಳದಿಯಾಗಲಿ, ಹಸಿರಿರುವಾಗಲೇ ಕೊಯ್ಯಬೇಡಿ.

ಯಾವ ಗೆಡ್ಡೆ ಹೂ ಬಿಟ್ಟೀತು? ದಾರ ಸುತ್ತಿ ಅಳೆಯಿರಿ. ಸುತ್ತಳತೆ 24 ಸೆಂ.ಮೀ. ದಾಟಿದ್ದರೆ ಭರವಸೆ ಇಡಬಹುದು. 20ಕ್ಕಿಂತ ಕಡಿಮೆಯಾದರೆ ಹೆಚ್ಚಾಗಿ ಎಲೆ ಮಾತ್ರ. ಗೆಡ್ಡೆಯೊಳಗೆ ಸುಮಾರು ನಾಲ್ಕು ಎಲೆಗೊಂದರಂತೆ ಹೂದಂಟಿನ ಮೊಳಕೆ ಕೂಡುತ್ತದೆ, ಅದೂ ಅರಳುವುದಕ್ಕೆ ಸುಮಾರು ಒಂದು ವರ್ಷ ಮೊದಲೇ. ಹಾಗಾಗಿ ಈ ಸಲದ ಹೂವಿನ ಹಣೆಬರಹ ಹಿಂದಿನ ವರ್ಷದ ಎಲೆಗಳಲ್ಲಿತ್ತು. "ಗೊಬ್ಬರ ಹಾಕಿದೆ, ಆದರೂ ಹೂ ಬರಲಿಲ್ಲ" ಎನ್ನುವವರು ನೋಡಬೇಕಾದದ್ದು ಇದನ್ನೇ.

ಕುಂಡ ಬಿಗಿಯಾಗಿರಲಿ: ಗೆಡ್ಡೆಯ ಸುತ್ತ 2-3 ಸೆಂ.ಮೀ. ಜಾಗ ಸಾಕು. ಕೆಮ್ಮಣ್ಣು, ಹೊಳೆಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು, ತಳದ ತೂತಿನ ಮೇಲೆ ಹಂಚಿನ ಚೂರು. ಗೆಡ್ಡೆಯ ಮೇಲಿನ ಅರ್ಧ ಮಣ್ಣಿನ ಹೊರಗಿರಬೇಕು. ಪೂರ್ತಿ ಹೂತರೆ ನಮ್ಮ ತೇವದ ಹವೆಗೆ ಕುತ್ತಿಗೆ ಕೊಳೆಯುತ್ತದೆ.

ಮೊದಲ ನೀರು ಒಂದೇ ಲೋಟ, ಕುಂಡದ ಅಂಚಿಗೆ, ಕುತ್ತಿಗೆಗೆ ತಾಗದಂತೆ. ಮೊಳಕೆ 3-4 ಸೆಂ.ಮೀ. ಆಗುವವರೆಗೆ ಮಣ್ಣು ಪೂರ್ತಿ ಒಣಗಿದರೆ ಮಾತ್ರ ಮತ್ತೆ. ಎಲೆಯಿಲ್ಲದ ಗೆಡ್ಡೆ ನೀರನ್ನು ಖರ್ಚು ಮಾಡುವುದಿಲ್ಲ, ನಿಂತ ನೀರಿಗೆ ಬೇರು ಕರಗುತ್ತದೆ. ಹೆಚ್ಚಿನ ಗೆಡ್ಡೆಗಳು ಸಾಯುವುದು ಪ್ರೀತಿಯಿಂದ ಹಾಕಿದ ಈ ನೀರಿಗೇ. ಹಂಚಿನ ಮನೆಯ ಒಳಗೆ ಬೆಳಕು ಕಡಿಮೆ. ಗಾಜಿನ ಹಂಚಿನ ಕೆಳಗೆ ಅಥವಾ ಪೂರ್ವದ ಕಿಟಕಿಯಲ್ಲಿಡಿ, ಎರಡು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಇಲ್ಲವಾದರೆ ಟೊಳ್ಳು ದಂಟು ಬೆಳಕಿನತ್ತ ವಾಲಿ ಮಡಚಿಕೊಳ್ಳುತ್ತದೆ.

ಹೂ ಬಾಡಿದಾಗ ಅದರ ಬುಡದ ಹಸಿರು ಗಂಟನ್ನೂ ಸೇರಿಸಿ ತೆಗೆಯಿರಿ, ಬೀಜಕ್ಕೆ ಶಕ್ತಿ ಹೋಗಬಾರದು. ದಂಟು ಹಳದಿಯಾಗುವವರೆಗೆ ಇರಲಿ, ಅದೂ ಆಹಾರ ತಯಾರಿಸುತ್ತದೆ. ಆಮೇಲೆ ಆಗಸ್ಟ್‌ವರೆಗೆ ಎಲೆ ಸಾಕುವುದೇ ಕೆಲಸ: ಬೆಳಗಿನ ಬಿಸಿಲು, ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ, ಒಂದು ಚಿಟಿಕೆ ಬೂದಿ.

ಮಳೆಗಾಲದ ಶತ್ರು ಲಿಲ್ಲಿ ಹುಳು. ಕಪ್ಪು ಮೈ, ಬಿಳಿ ಮತ್ತು ಕೆಂಪು ಚುಕ್ಕಿ. ಗುಂಪಾಗಿ ಬಂದರೆ ಒಂದೆರಡು ದಿನದಲ್ಲಿ ಎಲೆಯನ್ನೆಲ್ಲ ಮುಗಿಸುತ್ತದೆ. ಆರಿಸಿ ಸೋಪಿನ ನೀರಿಗೆ ಹಾಕಿ. ಎಲೆ, ದಂಟು, ಗೆಡ್ಡೆಯಲ್ಲಿ ಕುಂಕುಮಗೆಂಪು ಕಲೆ ಕಂಡು ದಂಟು ಡೊಂಕಾದರೆ ಶಿಲೀಂಧ್ರ ರೋಗ: ಆ ಪದರ ಕತ್ತರಿಸಿ ತೆಗೆದು, ಗಾಯ ಒಣಗಿಸಿ, ನೀರು ಬೇರಿಗೆ ಮಾತ್ರ ಕೊಡಿ. ಬರೀ ಗಾಯಕ್ಕೂ ಈ ಗಿಡ ಕೆಂಪಾಗುತ್ತದೆ. ಕಲೆ ಹರಡದಿದ್ದರೆ ಗಾಬರಿ ಬೇಡ. ಎಲೆಯುದ್ದಕ್ಕೂ ಹಳದಿ-ಹಸಿರು ಪಟ್ಟೆ ಮೂಡಿದರೆ ಮೊಸಾಯಿಕ್ ವೈರಸ್. ಅದಕ್ಕೆ ಮದ್ದಿಲ್ಲ, ಗಿಡ ಸುಟ್ಟು, ಚಾಕುವನ್ನು ಬಿಸಿನೀರಲ್ಲಿ ಕುದಿಸಿ.

ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ವಾಂತಿ. ಈರುಳ್ಳಿಯಂತೆ ಕಾಣುವುದರಿಂದ ಅಡುಗೆಮನೆಯ ಬುಟ್ಟಿಯ ಹತ್ತಿರ ಇಡಬೇಡಿ. ಮಕ್ಕಳಿಗೂ ನಾಯಿ, ದನಗಳಿಗೂ ಎಟುಕಬಾರದು.