ಕಾಲೇಜಿನ ಆವರಣದಲ್ಲಿರುವ ಮರಗಳ ತೋಟಕ್ಕೆ ಹೊರಗಿನವರು ಹೋಗಬಹುದೇ?

ಪ್ರಶ್ನೆ: ಫಿಲಡೆಲ್ಫಿಯಾ ಸಮೀಪದ ಮಗಳ ಮನೆಗೆ ಬಂದಿದ್ದೇವೆ. ಇಲ್ಲಿನ ಸ್ವಾರ್ತ್‌ಮೋರ್ ಕಾಲೇಜಿನೊಳಗೆ ಸ್ಕಾಟ್ ಆರ್ಬೊರೀಟಮ್ ಎಂಬ ಮರಗಳ ತೋಟವಿದೆಯಂತೆ. ಕಾಲೇಜಿಗೆ ಸಂಬಂಧವೇ ಇಲ್ಲದ ನಮ್ಮಂಥವರು ಒಳಗೆ ಹೋಗಬಹುದೇ? ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಉತ್ತರ: ಧಾರಾಳವಾಗಿ ಹೋಗಬಹುದು. ಟಿಕೆಟ್ ಇಲ್ಲ, ವರ್ಷವಿಡೀ ಬೆಳಕು ಹರಿದಾಗಿನಿಂದ ಮುಸ್ಸಂಜೆಯವರೆಗೆ ಆವರಣ ತೆರೆದಿರುತ್ತದೆ. ಗೇಟಿನಲ್ಲಿ ಕಾವಲುಗಾರರು ಹೆಸರು, ಫೋನ್ ನಂಬರ್ ಬರೆಸಿಕೊಂಡು ಒಳಗೆ ಬಿಡುವ ನಮ್ಮ ಕಾಲೇಜುಗಳನ್ನು ಕಂಡವರಿಗೆ ಈ ಸಂಕೋಚ ಸಹಜವೇ. ಇಲ್ಲಿ 300 ಎಕರೆಗೂ ಮಿಗಿಲಾದ ಆವರಣವೇ ಆರ್ಬೊರೀಟಮ್ ಆಗಿರುವುದರಿಂದ ತರಗತಿಗಳೂ ಹಾಸ್ಟೆಲ್‌ಗಳೂ ತೋಟದ ನಡುವೆಯೇ ಇವೆ; ಆ ಕಟ್ಟಡಗಳೊಳಗೆ ಕಾಲಿಡದಿದ್ದರಾಯಿತು.

ಇದೇ ಕಾಲೇಜಿನಲ್ಲಿ 1895ರಲ್ಲಿ ಪದವಿ ಪಡೆದು, ಮುಂದೆ ಕಾಗದದ ಉದ್ಯಮವನ್ನು ನಡೆಸಿದ ಆರ್ಥರ್ ಹಾಯ್ಟ್ ಸ್ಕಾಟ್ ಅವರ ನೆನಪಿಗಾಗಿ ಅವರ ಕುಟುಂಬದವರು 1929ರಲ್ಲಿ ಇದನ್ನು ಸ್ಥಾಪಿಸಿದರು. ಈ ಸೀಮೆಯ ಹವೆಗೆ ಯಾವ ಮರ, ಯಾವ ಪೊದೆ ಚೆನ್ನಾಗಿ ಒಗ್ಗುತ್ತದೆ ಎಂಬುದನ್ನು ಮನೆಯಂಗಳದಲ್ಲಿ ಗಿಡ ನೆಡುವ ಸಾಮಾನ್ಯರು ಕಣ್ಣಾರೆ ಕಂಡು ಆರಿಸಿಕೊಳ್ಳಲಿ ಎಂಬುದು ಮೂಲ ಉದ್ದೇಶವಾಗಿತ್ತು. ಹೀಗಾಗಿ ಗಿಡಗಳಿಗೆ ತಗುಲಿಸಿರುವ ಹೆಸರುಫಲಕಗಳನ್ನು ಓದುತ್ತ ನಡೆಯುವುದೇ ಇಲ್ಲಿಯ ಸರಿಯಾದ ಕ್ರಮ. ಮಗಳ ಮನೆಯ ಹಿತ್ತಲಿನಲ್ಲಿ ಏನಾದರೂ ನೆಡುವ ಯೋಚನೆಯಿದ್ದರೆ ಹೆಸರುಗಳನ್ನು ಬರೆದುಕೊಳ್ಳಿ.

ತಿಂಗಳ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಆದರೂ ನನ್ನ ಒಲವು ಏಪ್ರಿಲ್ ಕಡೆಗೆ. ಮಾರ್ಚ್ ಕೊನೆಯಿಂದ ಮ್ಯಾಗ್ನೋಲಿಯಾಗಳು, ಅವುಗಳ ಬೆನ್ನಿಗೇ ಚೆರಿಗಳು ಅರಳುತ್ತವೆ. ಮ್ಯಾಗ್ನೋಲಿಯಾ ನಮ್ಮ ಸಂಪಿಗೆಯ ಕುಲಕ್ಕೇ ಸೇರಿದ್ದು. ಆದರೆ ಸಂಪಿಗೆ ಸದಾ ಹಸಿರೆಲೆಗಳ ನಡುವೆ ಹೂ ಬಿಟ್ಟರೆ, ಇಲ್ಲಿಯ ಹಲವು ಬಗೆಗಳು ಚಿಗುರೊಡೆಯುವ ಮೊದಲೇ ಬೋಳು ಕೊಂಬೆಗಳ ತುಂಬ ಹೂ ಹೊರುತ್ತವೆ. ಒಂದು ರಾತ್ರಿ ಹಿಮ ಬಿದ್ದರೆ ಆ ಹೂಗಳೆಲ್ಲ ಕಂದಿಹೋಗುವುದೂ ಉಂಟಾದ್ದರಿಂದ, ಅರಳಿದ ಸುದ್ದಿ ಕೇಳಿದ ಮೇಲೆ ವಾರಾಂತ್ಯಕ್ಕೆಂದು ಕಾಯುವುದು ಬೇಡ. ಗುಲಾಬಿ ತೋಟಕ್ಕೆ ಮೇ ಕೊನೆ ಮತ್ತು ಜೂನ್ ಸೂಕ್ತ. ಚಳಿಗಾಲದಲ್ಲಿ ‘ಹಾಲಿ’ (holly) ಎಂಬ ಗಿಡಗಳ ಕೆಂಪು ಹಣ್ಣುಗಳಿವೆ. ಪಪ್ಪಾಯಿಯಂತೆ ಇದರಲ್ಲೂ ಗಂಡು ಹೆಣ್ಣು ಗಿಡಗಳು ಬೇರೆಯಾಗಿರುವುದರಿಂದ ಹಣ್ಣು ಕಾಣುವುದು ಹೆಣ್ಣು ಗಿಡಗಳಲ್ಲಿ ಮಾತ್ರ.

ಯಾವ ಕಾಲದಲ್ಲಿ ಹೋದರೂ ಬಯಲು ರಂಗಮಂದಿರವನ್ನು ತಪ್ಪಿಸಬೇಡಿ. ಥಾಮಸ್ ಸಿಯರ್ಸ್ ವಿನ್ಯಾಸದಂತೆ 1942ರಲ್ಲಿ ರೂಪುಗೊಂಡ ಇಲ್ಲಿ ಇಳಿಜಾರಿನ ಉದ್ದಕ್ಕೂ ಕಲ್ಲುಗೋಡೆ ಕಟ್ಟಿದ ಹುಲ್ಲಿನ ಮೆಟ್ಟಿಲುಗಳಿದ್ದು, ಅವುಗಳ ನಡುನಡುವೆ ಕಂಬದಂತೆ ನೇರವಾಗಿ ಬೆಳೆದ ಎತ್ತರದ ಟ್ಯುಲಿಪ್ ಮರಗಳೇ ಚಪ್ಪರವಾಗಿವೆ. ಇವೂ ಸಂಪಿಗೆಯ ಕುಟುಂಬದವೇ. ಕಾಲೇಜಿನ ಪದವಿ ಪ್ರದಾನ ನಡೆಯುವುದು ಇಲ್ಲೇ. ಆ ದಿನಗಳಲ್ಲಿ ಜನಸಂದಣಿ ಇರುವುದರಿಂದ ನೀವು ಹೋಗದಿರುವುದು ಲೇಸು.

ಕಾರಿಗಿಂತ ರೈಲು ವಾಸಿ. ಫಿಲಡೆಲ್ಫಿಯಾದ ನಡುಭಾಗದಿಂದ ಸೆಪ್ಟಾ ಸಂಸ್ಥೆಯ ಮೀಡಿಯಾ–ವಾವಾ ಮಾರ್ಗದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಸ್ವಾರ್ತ್‌ಮೋರ್ ನಿಲ್ದಾಣ ಬರುತ್ತದೆ. ಅಲ್ಲಿಂದಲೇ ಓಕ್ ಮರಗಳ ಸಾಲಿನ ನಡುವಿನ ಏರುದಾರಿ ಪ್ಯಾರಿಶ್ ಹಾಲ್ ಎಂಬ ಮುಖ್ಯ ಕಟ್ಟಡಕ್ಕೆ ಕರೆದೊಯ್ಯುತ್ತದೆ. ಮಂಡಿನೋವಿನವರು ಈ ಏರನ್ನು ನಿಧಾನವಾಗಿ ಹತ್ತಬೇಕು.

ಆವರಣದ ಅಂಚಿನಲ್ಲಿ ಕ್ರಮ್ ಹೊಳೆಯ ಕಾಡಿದೆ. ಅಲ್ಲಿಗೆ ಇಳಿಯುವುದಾದರೆ ಕಾಲು ಮುಚ್ಚುವ ಉಡುಪು ಧರಿಸಿ, ಕಾಲುದಾರಿ ಬಿಟ್ಟು ಕದಲಬೇಡಿ. ಈ ಸೀಮೆಯ ಉಣುಗುಗಳಿಂದ ಲೈಮ್ ಕಾಯಿಲೆ ಹರಡುತ್ತದೆ. ಮಂಗನ ಕಾಯಿಲೆಯನ್ನು ಬಲ್ಲ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಮರಳಿದ ಮೇಲೆ ಮೈಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.

ಬೆಳಗಿನ ಪೂಜೆಗೆಂದು ಒಂದೆರಡು ಹೂ ಬಿಡಿಸಿಕೊಳ್ಳುವ ಅಭ್ಯಾಸವನ್ನು ಇಲ್ಲಿ ಬದಿಗಿಡಬೇಕು. ಗುಲಾಬಿ ಕೀಳಿಸಿಕೊಳ್ಳುವ ಸವಲತ್ತು ಪದವಿ ಮುಗಿಸುವ ವಿದ್ಯಾರ್ಥಿಗಳಿಗಿದೆ, ಅದೂ ಅವರ ಸಮಾರಂಭಕ್ಕೆ. ಬೀಜ, ಸಸಿಗಳನ್ನು ಊರಿಗೆ ಒಯ್ಯುವ ಆಸೆಯೂ ಬೇಡ. ಭಾರತಕ್ಕೆ ಅವನ್ನು ತರಲು ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕಾಗುತ್ತವೆ.