40 ಲೀಟರಿನ ತೊಟ್ಟಿಗೆ ಯಾವ ಮೀನು, ಎಷ್ಟು ಮೀನು?

ಪ್ರಶ್ನೆ: ಸುಮಾರು 40 ಲೀಟರ್ ಹಿಡಿಯುವ ಸಿಹಿನೀರಿನ ಅಕ್ವೇರಿಯಂ ಕೊಂಡಿದ್ದೇವೆ. ಎರಡು ಗೋಲ್ಡ್‌ಫಿಷ್, ಒಂದು ಏಂಜೆಲ್, ನಾಲ್ಕಾರು ಗಪ್ಪಿ ಇವೆಲ್ಲ ಒಟ್ಟಿಗೆ ಇರಬಹುದೇ? ಒಟ್ಟು ಎಷ್ಟು ಮೀನು ಸಾಕಬಹುದು?

ಉತ್ತರ: ನೀವು ಹೆಸರಿಸಿರುವ ಮೂರರಲ್ಲಿ ಗಪ್ಪಿಯೊಂದೇ ಈ ತೊಟ್ಟಿಗೆ ಹೊಂದುವ ಮೀನು. ಉಳಿದೆರಡನ್ನು ಕೈಬಿಡುವುದು ಒಳ್ಳೆಯದು. ಎಷ್ಟು ಮೀನು ಎಂಬುದು ಯಾವ ಮೀನು ಎಂಬುದನ್ನು ಅವಲಂಬಿಸಿರುವುದರಿಂದ, ಸಂಖ್ಯೆಯ ಮಾತಿಗೆ ಆಮೇಲೆ ಬರೋಣ.

ಮೊದಲು ತೊಟ್ಟಿಯನ್ನೇ ಅಳೆದು ನೋಡಿ. 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಲೆಕ್ಕಕ್ಕೆ 40 ಲೀಟರಿನದೇ ಹೌದು. ಆದರೆ ತಳದಲ್ಲಿ 4 ಸೆಂ.ಮೀ. ಜಲ್ಲಿ ಹರಡಿ, ಮೇಲೆ 3 ಸೆಂ.ಮೀ. ಖಾಲಿ ಬಿಟ್ಟರೆ ನಿಜವಾಗಿ ನಿಲ್ಲುವ ನೀರು 33 ಲೀಟರಿನ ಆಸುಪಾಸಿಗೆ ಇಳಿಯುತ್ತದೆ, ನೀರಿನ ಆಳ 23 ಸೆಂ.ಮೀ. ಮಾತ್ರ ಉಳಿಯುತ್ತದೆ. ಪೂರ್ತಿ ಬೆಳೆದ ಏಂಜೆಲ್ ಮೀನು ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಯವರೆಗೆ 20 ಸೆಂ.ಮೀ. ಮೀರುತ್ತದೆ ಎಂದರೆ ಅದಕ್ಕೆ ಇಲ್ಲಿ ಉಳಿಯುವ ಜಾಗವೆಷ್ಟೆಂದು ನೀವೇ ಊಹಿಸಬಹುದು. ಅಲ್ಲದೆ ಅದು ಬಾಯಿಗೆ ಹಿಡಿಸುವ ಯಾವ ಸಣ್ಣ ಮೀನನ್ನೂ ತಿನ್ನುತ್ತದೆ. ಗಪ್ಪಿ ಮರಿಗಳಂತೂ ಉಳಿಯುವುದಿಲ್ಲ.

ಗೋಲ್ಡ್‌ಫಿಷ್ ಬಗ್ಗೆ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಅಂಗಡಿಯಲ್ಲಿ ಬೆರಳುದ್ದ ಕಾಣುವ ಅದು ಕಾರ್ಪ್ ಜಾತಿಯ ಮೀನು. ಸರಿಯಾಗಿ ಸಾಕಿದರೆ 20 ಸೆಂ.ಮೀ. ದಾಟಿ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅದಕ್ಕೆ ಜಠರವೇ ಇಲ್ಲ; ತಿಂದದ್ದು ನೇರವಾಗಿ ಕರುಳಿಗೆ ಹೋಗುವುದರಿಂದ ದಿನವಿಡೀ ಮೇಯುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಜೊತೆಗೆ ಅದು ಬಯಸುವುದು ತಂಪು ನೀರನ್ನು, ಗಪ್ಪಿಗೆ ಬೇಕಾದ ಬೆಚ್ಚಗಿನ ನೀರನ್ನಲ್ಲ. ಚಿಕ್ಕ ಗಾಜಿನ ಬಟ್ಟಲಿನಲ್ಲಿ ಗೋಲ್ಡ್‌ಫಿಷ್ ಇಡುವ ರೂಢಿ ಎಷ್ಟೇ ಹಳೆಯದಾಗಿರಲಿ, ಆ ಮೀನಿಗೆ ಅದು ನಿಧಾನದ ಶಿಕ್ಷೆಯೇ ಸರಿ.

ಒಂದು ಲೀಟರಿಗೆ ಒಂದು ಸೆಂಟಿಮೀಟರ್ ಮೀನು ಎಂಬ ಸೂತ್ರವನ್ನು ನೀವು ಕೇಳಿರಬಹುದು. ಅದನ್ನು ಸಣ್ಣ ಮೀನುಗಳ ಮಟ್ಟಿಗೆ ಒರಟು ಅಂದಾಜೆಂದು ಇಟ್ಟುಕೊಳ್ಳಬಹುದೇ ಹೊರತು ನಂಬಿ ಕೂರುವಂತಿಲ್ಲ. ಮೀನಿನ ಉದ್ದ ಹತ್ತು ಪಟ್ಟಾದರೆ ತೂಕ ಹೆಚ್ಚುಕಡಿಮೆ ಸಾವಿರ ಪಟ್ಟಾಗುತ್ತದೆ. ಹಾಗಾಗಿ 3 ಸೆಂ.ಮೀ. ಉದ್ದದ ಹತ್ತು ಮೀನುಗಳೂ 30 ಸೆಂ.ಮೀ. ಉದ್ದದ ಒಂದು ಮೀನೂ ಸೂತ್ರದಲ್ಲಿ ಸಮವಾದರೂ, ನೀರಿನ ಮೇಲೆ ಬೀಳುವ ಹೊರೆಯಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೀನು ಬೆಳೆದು ನಿಂತಾಗಿನ ಗಾತ್ರವನ್ನು, ಕೊಳ್ಳುವಾಗಿನದನ್ನಲ್ಲ. ಪಾಚಿ ತಿನ್ನುತ್ತದೆಂದು ಮಾರುವ ಪ್ಲೆಕೋ ಮರಿಯೊಂದು 30 ಸೆಂ.ಮೀ. ದಾಟಬಲ್ಲದು ಎಂಬುದು ಕೊಂಡವರಿಗೆ ಗೊತ್ತಾಗುವುದು ಸಾಮಾನ್ಯವಾಗಿ ತಡವಾಗಿ.

ಇನ್ನು ನೀರಿನ ವಿಚಾರ. ಸಣ್ಣ ತೊಟ್ಟಿಗೆ ಜನ ಸಾಮಾನ್ಯವಾಗಿ ಕೊಳ್ಳುವ ಟೆಟ್ರಾ ಎಂಬ ಪುಟ್ಟ ಮೀನುಗಳಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ಮೃದುವಾದ, ತುಸು ಆಮ್ಲೀಯ ನೀರಿನ ತೊರೆಗಳಿಂದ ಬಂದವು. ಗಪ್ಪಿಗೆ ಗಡಸು ನೀರೇ ಒಗ್ಗುತ್ತದೆ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟರೆ ಕೂಡಲೇ ಸಾಯುತ್ತವೆಂದಲ್ಲ, ಆದರೆ ಒಂದಲ್ಲ ಒಂದು ಸದಾ ಸೊರಗಿರುತ್ತದೆ. ನೀರಿಗೆ ಔಷಧಿ ಹಾಕಿ ಅದನ್ನು ಬದಲಿಸುತ್ತ ಕೂರುವುದಕ್ಕಿಂತ, ನಲ್ಲಿಯಲ್ಲಿ ಬರುವ ನೀರು ಗಡಸೋ ಮೃದುವೋ ಎಂದು ಪರೀಕ್ಷಿಸಿ, ಅದಕ್ಕೆ ಒಗ್ಗುವ ಮೀನನ್ನು ಆರಿಸುವುದು ಜಾಣತನ.

ನೀರು ಗಡಸಾಗಿದ್ದರೆ ಐದಾರು ಗಂಡು ಗಪ್ಪಿಗಳು ಸಾಕು, ಬಣ್ಣವೂ ಗಂಡಿನಲ್ಲೇ ಹೆಚ್ಚು. ಗಂಡುಗಳನ್ನೇ ಏಕೆ ಎಂದರೆ, ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಜೀವಂತ ಮರಿಗಳನ್ನು ಹಾಕುತ್ತದೆ. ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಟ್ಟುಕೊಳ್ಳುವುದರಿಂದ, ಅಂಗಡಿಯಿಂದ ತಂದ ಒಂಟಿ ಹೆಣ್ಣೂ ಮರಿ ಹಾಕುತ್ತಲೇ ಹೋಗಬಹುದು. ನೀರು ಮೃದುವಾಗಿದ್ದರೆ ಕೆಂಡದ ಬಣ್ಣದ, ಕೇವಲ 2 ಸೆಂ.ಮೀ. ಬೆಳೆಯುವ ಎಂಬರ್ ಟೆಟ್ರಾಗಳನ್ನು ಎಂಟು-ಹತ್ತರ ಗುಂಪಾಗಿ ಬಿಡಿ. ತಳದಲ್ಲಿ ಜಲ್ಲಿಯ ಬದಲು ನುಣುಪಾದ ಮರಳಿದ್ದರೆ ಜೊತೆಗೆ ಆರು ಪಿಗ್ಮಿ ಕೋರಿಡೋರಾಸ್ ಇರಬಹುದು. ಮೀಸೆಯಿಂದ ತಳ ಕೆದಕಿ ಆಹಾರ ಹುಡುಕುವ ಈ ಮೀನುಗಳಿಗೆ ಚೂಪು ಕಲ್ಲಿನಿಂದ ಆ ಮೀಸೆಯೇ ಸವೆದುಹೋಗುತ್ತದೆ.

ಬಗೆಗೊಂದರಂತೆ ಆರು ಜಾತಿ ತರಬೇಕೆನ್ನುವ ಆಸೆ ಸಹಜವೇ. ಆದರೆ ಹಿಂಡಿನಲ್ಲಿ ಬಾಳುವ ಮೀನು ಒಂಟಿಯಾದರೆ ಗಿಡದ ಮರೆ ಬಿಟ್ಟು ಬರುವುದಿಲ್ಲ, ಬಣ್ಣ ಕಳೆಗುಂದುತ್ತದೆ. ಟೈಗರ್ ಬಾರ್ಬ್‌ನಂಥದಾದರೆ ಪಕ್ಕದವರ ರೆಕ್ಕೆ ಕಚ್ಚತೊಡಗುತ್ತದೆ. ಒಂದೇ ಜಾತಿಯ ಹತ್ತು ಮೀನುಗಳು ಒಟ್ಟಾಗಿ ತಿರುಗುವ ತೊಟ್ಟಿ ನೋಡುವುದಕ್ಕೂ ಹೆಚ್ಚು ಚೆನ್ನ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂಟಿ ಮೀನೇ ಬೇಕಿದ್ದರೆ ಒಂದು ಗಂಡು ಬೆಟ್ಟಾ, ಎಂದರೆ ಫೈಟರ್ ಮೀನು, ಮತ್ತು ನೀರನ್ನು 24ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಏರ್ಪಾಡು ಸಾಕು. ಅದರ ಜೊತೆ ಉದ್ದ ಬಾಲದ ಗಪ್ಪಿಯನ್ನು ಮಾತ್ರ ಬಿಡಬೇಡಿ; ಎದುರಾಳಿಯೆಂದು ಬಗೆದು ಮೇಲೆ ಬೀಳುತ್ತದೆ.

ಯಾವುದನ್ನೇ ಆರಿಸಿದರೂ ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡುವಂತಿಲ್ಲ. ಮೀನುಗಳು ಬಹುಮಟ್ಟಿಗೆ ಕಿವಿರುಗಳ ಮೂಲಕವೇ ಅಮೋನಿಯಾ ಹೊರಹಾಕುತ್ತವೆ. ಅದನ್ನು ಮೊದಲು ನೈಟ್ರೈಟ್ ಆಗಿ, ಮುಂದೆ ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮೀನಿಲ್ಲದ ತೊಟ್ಟಿಗೆ ಚಿಟಿಕೆಯಷ್ಟು ಮೀನಿನ ಆಹಾರ ಹಾಕುತ್ತ ಬನ್ನಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೊದಲು ಅರ್ಧ ಗುಂಪು, ಎರಡು ವಾರ ಬಿಟ್ಟು ಉಳಿದರ್ಧ. ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಹಾಕಲು ಮರೆಯಬೇಡಿ. ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ಸೋಂಕುನಿವಾರಕ) ಬೆರೆತಿದ್ದರೆ ಒಂದೆರಡು ದಿನ ತೆರೆದಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಸ್ಪಂಜನ್ನು ತೊಳೆಯುವುದಾದರೂ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ತೊಳೆಯಿರಿ.

ಗೋಲ್ಡ್‌ಫಿಷ್ ಈಗಾಗಲೇ ಮನೆಗೆ ಬಂದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಕೆರೆಗೋ ಹೊಳೆಗೋ ಬಿಡಬಾರದು: ಅಲ್ಲಿ ಅದು ತಳದ ಕೆಸರು ಕೆದಕಿ ನೀರನ್ನು ರಾಡಿ ಮಾಡುತ್ತದೆ, ನೀರಗಿಡಗಳನ್ನು ಕಿತ್ತುಹಾಕುತ್ತದೆ, ಅಲ್ಲಿನ ಮೂಲ ಮೀನುಗಳ ಮೇವಿಗೂ ಸಂಚಕಾರ ತರುತ್ತದೆ.