ಕಾರ್ಪೊರೇಟರ್ ಇಲ್ಲದ ಹೊತ್ತಲ್ಲಿ ಬಂದ ತೆರಿಗೆ

ವಾರ್ಡ್ ಚುನಾವಣೆಯ ಸುದ್ದಿ ಎದ್ದಾಗಲೆಲ್ಲ ಬೆಂಗಳೂರಿನ ಅಭ್ಯರ್ಥಿಗಳಿಂದ ಮೂರು ಮಾತು ಕೇಳುತ್ತೇವೆ. ಕಂದಾಯ (ಆಸ್ತಿ ತೆರಿಗೆ) ಕಡಿಮೆ ಮಾಡಿಸ್ತೀನಿ. ಹಿರಿಯರಿಗೆ ರಿಯಾಯಿತಿ ಕೊಡಿಸ್ತೀನಿ. ಸಣ್ಣ ಅಂಗಡಿಯವರಿಗೆ ತೊಂದರೆ ಆಗದಂತೆ ನೋಡ್ಕೋತೀನಿ. ಇವು ಮೂರು ಬೇರೆ ಬೇರೆ ವಿಷಯ ಅನ್ನಿಸುತ್ತದೆ, ಅಲ್ವಾ? ಹಳೆಯ ಬಡಾವಣೆಯ ಒಂದು ಮನೆ ನೋಡಿದರೆ ಮೂರೂ ಒಂದೇ ಚೀಟಿಯಲ್ಲಿ ಸಿಗುತ್ತವೆ.

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಐವತ್ತು ವರ್ಷದ ಹಿಂದೆ ಕಟ್ಟಿದ ಮನೆ ಅಂದುಕೊಳ್ಳಿ. ಕೆಳಗೆ ಪಿಂಚಣಿಯಲ್ಲಿ ಬದುಕುವ ವಯಸ್ಸಾದ ದಂಪತಿ. ಮಹಡಿಯಲ್ಲಿ ಬಾಡಿಗೆಯವರು. ರಸ್ತೆ ಕಡೆಯ ಕೋಣೆಯಲ್ಲಿ ಒಂದು ಟೈಲರ್ ಅಂಗಡಿ. ಪಾಲಿಕೆಯ ಲೆಕ್ಕದಲ್ಲಿ ಈ ಒಂದೇ ಕಟ್ಟಡಕ್ಕೆ ಮೂರು ದರ. ತಾವೇ ಇರುವ ಭಾಗಕ್ಕೆ ಒಂದು, ಬಾಡಿಗೆಗೆ ಕೊಟ್ಟ ಭಾಗಕ್ಕೆ ಅದರ ಎರಡು ಪಟ್ಟು, ಅಂಗಡಿಗೆ ಇನ್ನೂ ಜಾಸ್ತಿ.

ಈ ಲೆಕ್ಕ ಎಲ್ಲಿಂದ ಬಂತು ಅಂತ ನೋಡೋಣ. ಮೊದಲು ಕಟ್ಟಡಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಅಧಿಕಾರಿ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೂ ಬೇರೆ ಬೇರೆ ಮೊತ್ತ ಬರಬಹುದಿತ್ತು. 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದ ಕಾಲ ಅದು. ಮನೆಯವರೇ ಅಳತೆ ಹಾಕಿ, ಲೆಕ್ಕ ಮಾಡಿ, ಫಾರಂ ತುಂಬಿ ಹಣ ಕಟ್ಟಬಹುದು ಎಂದಾಯಿತು. ಪಾಲಿಕೆ ಜನರ ಮೇಲೆ ನಂಬಿಕೆ ಇಟ್ಟ ಹೆಜ್ಜೆ ಅದು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗವೂ ಅದೇ.

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಹುಟ್ಟಿತು. ಹಳೆಯ ಮಹಾನಗರ ಪಾಲಿಕೆಗೆ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳು ಸೇರಿದವು. ಇಷ್ಟು ದೊಡ್ಡ ಊರಿಗೆ ಹೊಸ ತೆರಿಗೆ ಸೂತ್ರ ಬೇಕಿತ್ತು. 2008-09ನೇ ಸಾಲಿಗೆ ಚದರ ಅಡಿ ಲೆಕ್ಕದ ಪದ್ಧತಿ ಬಂತು. ಮಾರ್ಗಸೂಚಿ ಬೆಲೆ, ಅಂದರೆ ಸರ್ಕಾರವೇ ಆಸ್ತಿಗೆ ಗೊತ್ತು ಮಾಡುವ ಬೆಲೆ ನೋಡಿ ಬೀದಿಗಳನ್ನು ಎ ಇಂದ ಎಫ್ ತನಕ ಆರು ವಲಯ ಮಾಡಿದರು.

ಆಗಿನ ದರದಲ್ಲೇ ಒಂದು ಲೆಕ್ಕ ಹಾಕೋಣ. ಎ ವಲಯದಲ್ಲಿ ಆರ್‌ಸಿಸಿ ಮನೆ, 1,000 ಚದರ ಅಡಿ, ಮಾಲೀಕರೇ ವಾಸ. ತಿಂಗಳಿಗೆ ಚದರ ಅಡಿಗೆ 2.50 ರೂಪಾಯಿ. ಈ ಸೂತ್ರದಲ್ಲಿ ವರ್ಷಕ್ಕೆ ಹತ್ತು ತಿಂಗಳೇ ಲೆಕ್ಕ, ಹಾಗಾಗಿ 25,000 ಆಯಿತು. ಅದರ 20%, ಅಂದರೆ 5,000 ತೆರಿಗೆ. ಅದರ ಮೇಲೆ ಆರೋಗ್ಯ, ಗ್ರಂಥಾಲಯದಂಥ ಸೆಸ್‌ಗಳು 24%. ಒಟ್ಟು 6,200. ಅದೇ ಮನೆ ಬಾಡಿಗೆಗೆ ಕೊಟ್ಟಿದ್ದರೆ ದರ 5 ರೂಪಾಯಿ, ಒಟ್ಟು 12,400. ಕಟ್ಟಡ ಹಳೆಯದಾದಷ್ಟೂ ಸವಕಳಿ ಎಂಬ ಕಡಿತ ಸಿಗುತ್ತದೆ, ಹಾಗಾಗಿ ಕೈಯಿಂದ ಹೋಗುವ ಮೊತ್ತ ಸ್ವಲ್ಪ ಕಡಿಮೆ. ಆದರೆ ಒಂದು ಮಾತು ಗಮನಿಸಿ. ಈ ಸೂತ್ರದಲ್ಲಿ ಕಟ್ಟಡದ ವಯಸ್ಸಿಗೆ ಜಾಗ ಇದೆ, ಮಾಲೀಕರ ವಯಸ್ಸಿಗೆ ಇಲ್ಲ. ಪಿಂಚಣಿ ಸಾಲದೆ ಮಹಡಿ ಬಾಡಿಗೆಗೆ ಕೊಟ್ಟ ಅಜ್ಜಿಗೂ, ಬಾಡಿಗೆಗೆಂದೇ ಕಟ್ಟಡ ಕಟ್ಟಿಸಿದವರಿಗೂ ಅದೇ ಎರಡು ಪಟ್ಟು ದರ.

ಇದನ್ನು ಜಾರಿ ಮಾಡಿದಾಗ ಪಾಲಿಕೆಯಲ್ಲಿ ಕಾರ್ಪೊರೇಟರ್‌ಗಳೇ ಇರಲಿಲ್ಲ. ಹಿಂದಿನ ಕೌನ್ಸಿಲ್ ಅವಧಿ 2006ರಲ್ಲಿ ಮುಗಿದಿತ್ತು. ಬಿಬಿಎಂಪಿಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿಗೆ ಅದು ಸಿಗಲಿಲ್ಲ.

ಕೌನ್ಸಿಲ್ ಇದ್ದಾಗ ತೆರಿಗೆ ಏರಲೇ ಇಲ್ಲ ಎಂದಲ್ಲ. 2016ರಲ್ಲಿ ಮನೆಗಳಿಗೆ 20%, ವಾಣಿಜ್ಯ ಕಟ್ಟಡಗಳಿಗೆ 25% ಏರಿಸಿದರು. ಆಗ ಕಾರ್ಪೊರೇಟರ್‌ಗಳಿದ್ದರು. ಬಾಗಿಲು ತಟ್ಟಿ ಯಾಕೆ ಅಂತ ಕೇಳಲು ಒಂದು ಮನೆ ಇತ್ತು. ಅದೇ ವರ್ಷ ವಲಯಗಳೂ ಬದಲಾದವು. ಎಷ್ಟೋ ಜನ ಹಳೆಯ ವಲಯದ ಲೆಕ್ಕದಲ್ಲೇ ಕಟ್ಟಿದರು, ಪಾಲಿಕೆಯೂ ಹಣ ತೆಗೆದುಕೊಂಡಿತು. ವರ್ಷಗಳ ನಂತರ ಸುಮಾರು 78,000 ಮಾಲೀಕರಿಗೆ ನೋಟಿಸ್ ಬಂತು. ವ್ಯತ್ಯಾಸದ ಹಣ, ಎರಡು ಪಟ್ಟು ದಂಡ, ಮೇಲೆ ಬಡ್ಡಿ. ಆ ಹೊತ್ತಿಗೆ ಕೌನ್ಸಿಲ್ ಅವಧಿ ಮತ್ತೆ ಮುಗಿದಿತ್ತು, 2020ರ ಸೆಪ್ಟೆಂಬರ್ 10ಕ್ಕೆ. ಗಲಾಟೆ ಆದ ಮೇಲೆ ದಂಡ ಬಿಡುವ ನಿರ್ಧಾರ ಬಂದದ್ದು ರಾಜ್ಯ ಸರ್ಕಾರದಿಂದ.

2024ರಲ್ಲೂ ಹೀಗೆಯೇ. ತೆರಿಗೆಯನ್ನು ನೇರವಾಗಿ ಮಾರ್ಗಸೂಚಿ ಬೆಲೆಗೆ ಜೋಡಿಸುವ ಕರಡು ಬಂತು, ವಿರೋಧ ಎದ್ದಿತು, ಅದನ್ನು ತಡೆಹಿಡಿದರು. ಬಾಕಿ ಇದ್ದವರಿಗೆ ಬಡ್ಡಿ ಮನ್ನಾ ಮಾಡಿ ಒಂದೇ ಬಾರಿಗೆ ಕಟ್ಟುವ ಅವಕಾಶ ಕೊಟ್ಟರು. 2025ರ ಏಪ್ರಿಲ್‌ನಿಂದ ಕಂದಾಯದ ಜೊತೆಗೇ ಕಸದ ಶುಲ್ಕ ಸೇರಿತು. 600 ಚದರ ಅಡಿ ತನಕದ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿ ದಾಟಿದರೆ 400. ಕಸ ಎತ್ತಲು ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಇಂಥ ಶುಲ್ಕಕ್ಕೆ ಮೊದಲು ಜನ ಆರಿಸಿದ ಒಬ್ಬರಾದರೂ ಸಭೆಯಲ್ಲಿ ಕೈ ಎತ್ತಬೇಕಿತ್ತು.

ಇನ್ನು ಅಂಗಡಿಗಳ ವಿಷಯ. ಟೈಲರ್ ಅಂಗಡಿ ಇರುವ ಕೋಣೆಗೆ ವಾಣಿಜ್ಯ ದರ ಬೀಳುತ್ತದೆ. ಅದನ್ನು ಕಟ್ಟುವುದು ಮನೆ ಮಾಲೀಕರು, ಹೊರೆ ಬೀಳುವುದು ಟೈಲರ್ ಕೊಡುವ ಬಾಡಿಗೆಯ ಮೇಲೆ. ತೆರಿಗೆ ಏರಿದಾಗ ಹಿರಿಯರ ಆದಾಯವೂ ಚಿಕ್ಕ ವ್ಯಾಪಾರಿಯ ಆದಾಯವೂ ಒಟ್ಟಿಗೇ ಕುಗ್ಗುತ್ತವೆ. ಇಬ್ಬರನ್ನೂ ಬೇರೆ ಬೇರೆ ಸಭೆಗೆ ಕರೆದು ಭರವಸೆ ಕೊಡುವ ಅಭ್ಯರ್ಥಿ ಈ ಕೋಣೆಯನ್ನು ಒಮ್ಮೆ ನೋಡಬೇಕು.

ಅಭ್ಯರ್ಥಿಯ ಕೈಗೆ ಸಿಗದ ವಿಷಯಗಳೂ ಇವೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಊರೆಲ್ಲ ಕಂಗಾಲಾಯಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಎಂಬ ಚೀಟಿ ಬಂತು. ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಕೆಲಸ, ಪಾಲಿಕೆಯದಲ್ಲ. ಕಾರ್ಪೊರೇಟರ್ ಅದನ್ನು ನಿಲ್ಲಿಸ್ತೀನಿ ಅಂದರೆ ಸುಮ್ನೆ ಮಾತು. ಉದ್ದಿಮೆ ಪರವಾನಗಿ, ಫುಟ್‌ಪಾತ್, ಬೀದಿ ದೀಪ, ಕಸ ಇವು ಪಾಲಿಕೆಯವು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ಅವರೇ ಇರಬೇಕು. ಆ ಸಮಿತಿ ತಿಂಗಳಿಗೊಮ್ಮೆ ಕೂರುವಂತೆ ಒತ್ತಾಯಿಸುತ್ತೀರಾ ಎಂದು ಅಭ್ಯರ್ಥಿಯನ್ನು ಕೇಳಬಹುದು.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು. ಮಹದೇವಪುರದ ಟೆಕ್ ಪಾರ್ಕ್‌ಗಳ ಕಂದಾಯ ಪೂರ್ವಕ್ಕೆ ಹೋಗುತ್ತದೆ. ಹಳೆಯ ಮನೆಗಳೇ ಜಾಸ್ತಿ ಇರುವ ಕಡೆ ಅಂಥ ಆಸರೆ ಇಲ್ಲ. ಅಲ್ಲಿನ ಅಭ್ಯರ್ಥಿ ಕಂದಾಯ ಕಡಿಮೆ ಮಾಡಿಸ್ತೀನಿ ಎಂದರೆ, ಆ ಹಣವನ್ನು ಎಲ್ಲಿಂದ ತುಂಬುತ್ತೀರಿ ಎಂದು ಕೇಳಬೇಕು. ನನಗೆ ಅದಕ್ಕಿಂತ ಚಿಕ್ಕ ಭರವಸೆಯೇ ಸಾಕು. ತಾವು ವಾಸವಿರುವ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು ಬದುಕುವ ಹಿರಿಯರಿಗೆ ಸ್ವಂತ ವಾಸದ ದರವನ್ನೇ ಕೊಡಿ ಎಂದು ಕೌನ್ಸಿಲ್‌ನಲ್ಲಿ ನಿರ್ಣಯ ಮಂಡಿಸಲಿ. ಅದನ್ನು ಸರ್ಕಾರಕ್ಕೆ ಕಳಿಸಲಿ. ಸರ್ಕಾರ ಏನು ಉತ್ತರ ಕೊಟ್ಟಿತು ಎಂದು ವಾರ್ಡ್ ಸಭೆಯಲ್ಲಿ ಓದಿ ಹೇಳಲಿ.